ಟ್ಯಾಗಿನ ಬಣ್ಣ

ನಮ್ಮ ಬ್ಯಾಚಿನವರು ಎಲ್ಲಿ ಸೇರಿದರೂ, ಅದು ಮದುವೆಮನೆಯಾಗಲಿ ಯಾರದೋ ಗೃಹಪ್ರವೇಶವಾಗಲಿ, ಎರಡನೇ ಪಂಕ್ತಿ ಏಳುವ ಹೊತ್ತಿಗೆ ಒಂದು ಜಗಳ ಶುರುವಾಗುತ್ತದೆ. "ಆ ಕಂಪನಿ ಇಲ್ದೇ ಹೋಗಿದ್ರೆ ನಾನು ಅರಸೀಕೆರೇಲಿ ನಮ್ಮ ಮಾವನ ಕಾಯಿ ಮಂಡಿ ಲೆಕ್ಕ ಬರ್ಕೊಂಡು ಕೂತಿರ್ತಿದ್ದೆ" ಎಂದು ಒಬ್ಬ ಹೇಳುತ್ತಾನೆ. "ನೀನು ಹೇಳ್ತೀಯಪ್ಪ. ಹದಿನೇಳು ವರ್ಷ ದುಡಿದೋಳನ್ನ ಒಂದು ಮಧ್ಯಾಹ್ನದಲ್ಲಿ ಆಚೆ ಕಳಿಸಿದ್ರಲ್ಲ, ಅದಕ್ಕೇನು ಹೇಳ್ತೀಯ?" ಎಂದು ಇನ್ನೊಬ್ಬಳು ಕೇಳುತ್ತಾಳೆ. ಆಮೇಲೆ ಒಬ್ಬೊಬ್ಬರೇ ಒಂದೊಂದು ಪಕ್ಷ ಹಿಡಿಯುತ್ತಾರೆ. ಐಸ್‌ಕ್ರೀಮ್ ಬರುವವರೆಗೂ ನಡೆಯುತ್ತದೆ.

ಹೊಸೂರು ರಸ್ತೆಯ ಆ ದೊಡ್ಡ ಕಂಪನಿಯಲ್ಲಿ ಎರಡು ದಶಕ ಕಳೆದವನು ನಾನು. ಅದರ ಹೆಸರು ಇಲ್ಲಿ ಬೇಡ. ಅಕ್ಕಪಕ್ಕದ ಕಾಂಪೌಂಡಿನವರ ಕತೆಯೂ ಇದಕ್ಕಿಂತ ಬಹಳ ಬೇರೆ ಇರಲಿಲ್ಲ. ಜಗಳವಾಡುವ ಇಬ್ಬರೂ ನಿಜವನ್ನೇ ಹೇಳುತ್ತಾರೆ ಎಂಬುದು ನನಗೆ ಗೊತ್ತಾಗಲು ಮಾತ್ರ ಬಹಳ ಕಾಲ ಬೇಕಾಯಿತು. ನಾವೆಲ್ಲ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದೆವು, ಆದರೆ ಒಂದೇ ಕಂಪನಿಗೆ ಹೋಗುತ್ತಿರಲಿಲ್ಲ. ಯಾವ ವರ್ಷ ಸೇರಿದೆ, ಯಾವ ಪ್ರಾಜೆಕ್ಟಿಗೆ ಬಿದ್ದೆ, ಯಾವ ಮ್ಯಾನೇಜರ್ ಸಿಕ್ಕ, ಕೊರಳಿನ ಟ್ಯಾಗ್ ಯಾವ ಬಣ್ಣದ್ದು ಎಂಬುದರ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಕಂಪನಿ ಸಿಗುತ್ತಿತ್ತು. ಸಿಕ್ಕಿದ್ದು ಒಳ್ಳೆಯದಾಗಿದ್ದರೆ ಅದು ನಮ್ಮ ಯೋಗ್ಯತೆ ಎಂದುಕೊಳ್ಳುತ್ತಿದ್ದೆವು.

ನಾನು ಸೇರಿದ್ದು 2000ದ ಜುಲೈನಲ್ಲಿ. ತಿಪಟೂರು ತಾಲ್ಲೂಕಿನ ಹಳ್ಳಿಯವನು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಆಮೇಲೆ ಸಿಇಟಿಯಲ್ಲಿ ಸಿಕ್ಕ ಫ್ರೀ ಸೀಟು. ಆಗ ಎಂಜಿನಿಯರಿಂಗ್ ಸೀಟುಗಳಲ್ಲಿ ಫ್ರೀ, ಪೇಮೆಂಟ್ ಎಂದು ಎರಡು ಬಗೆ. ಪೇಮೆಂಟ್ ಸೀಟಿನ ಫೀಸು ಕಟ್ಟುವ ತಾಕತ್ತು ನಮ್ಮ ಮನೆಗೆ ಇರಲಿಲ್ಲ. 1994ರಲ್ಲಿ ಸಿಇಟಿ ಬಂದದ್ದೇ ನನ್ನಂಥವರ ಪುಣ್ಯ. ಓದಿದ್ದು ಮೆಕ್ಯಾನಿಕಲ್. ಕ್ಯಾಂಪಸ್ಸಿಗೆ ನೇಮಕಕ್ಕೆ ಬಂದವರಿಗೆ ಅದು ಬೇಕಾಗಿಯೇ ಇರಲಿಲ್ಲ, ಅವರು ಕೊಟ್ಟಿದ್ದು ಒಗಟುಗಳ ಪ್ರಶ್ನೆಪತ್ರಿಕೆ. ಸೀನಿಯರುಗಳ ಕೈಯಿಂದ ಕೈಗೆ ಬಂದು ರಟ್ಟು ಕಿತ್ತುಹೋಗಿದ್ದ ಶಕುಂತಲಾ ದೇವಿಯವರ ಒಗಟಿನ ಪುಸ್ತಕವನ್ನು ಹಾಸ್ಟೆಲಿನಲ್ಲಿ ಎಲ್ಲರೂ ಉರು ಹೊಡೆದಿದ್ದೆವು. ಮೆಷೀನ್ ಡಿಸೈನ್ ಓದಿದವನು ಕೋಬಾಲ್ ಪ್ರೋಗ್ರಾಮರ್ ಆದೆ. ಸಿವಿಲ್ ಓದಿದವರೂ ಆದರು, ಕೆಮಿಕಲ್ ಓದಿದವರೂ ಆದರು. ಇಡೀ ಒಂದು ತಲೆಮಾರಿನ ಎಂಜಿನಿಯರುಗಳು ಓದಿದ್ದನ್ನು ಬದಿಗಿಟ್ಟು ಬೇರೊಂದಕ್ಕೆ ಕೂತೆವು. ಯಾರಿಗೂ ಬೇಜಾರಾದ ಹಾಗೆ ಕಾಣಲಿಲ್ಲ.

ಮೊದಲ ಸಂಬಳ ಹನ್ನೆರಡು ಸಾವಿರ ಚಿಲ್ಲರೆ. ಊರಿಗೆ ಹೋದಾಗ ಅಪ್ಪ ದುಡ್ಡು ಎಷ್ಟೆಂದು ಕೇಳಲಿಲ್ಲ, ಸಂಬಳದ ಚೀಟಿ ತೋರಿಸು ಎಂದರು. ಅವರು ಸೊಸೈಟಿಯಲ್ಲಿ ಗುಮಾಸ್ತರು, ಗೊಬ್ಬರ ಮತ್ತು ಬೆಳೆಸಾಲದ ಲೆಕ್ಕ ಬರೆದು ಬರೆದು ಕಾಗದ ಓದುವುದು ಅವರಿಗೆ ಅಭ್ಯಾಸ. ಕನ್ನಡಕ ಹಾಕಿಕೊಂಡು ಮೇಲಿನ ಸಾಲುಗಳನ್ನೆಲ್ಲ ಬಿಟ್ಟು ನೇರ ಕಡಿತದ ಕಾಲಮ್ಮಿಗೆ ಬಂದರು. "ಪಿಎಫ್ ಹಿಡಿದವ್ರೆ. ಹನ್ನೆರಡು ಪರ್ಸೆಂಟು. ಅವ್ರೂ ಅಷ್ಟೇ ಹಾಕ್ಬೇಕು" ಎಂದು ಅಮ್ಮನ ಕಡೆ ತಿರುಗಿ, "ಹಂಗಾದ್ರೆ ಇದು ಕಂಪ್ನೀನೇ ಕಣೇ" ಎಂದರು. ಸೊಸೈಟಿಯಲ್ಲಿ ಅವರಿಗೆ ಪಿಎಫ್ ಇರಲಿಲ್ಲ. ಗಾಜಿನ ಕಟ್ಟಡ, ಹುಲ್ಲುಹಾಸು, ಈಜುಕೊಳ ಎಂದೆಲ್ಲ ನಾನು ವರ್ಣಿಸಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಪಕ್ಕದ ಕ್ಯೂಬಿಕಲ್ಲಿನಲ್ಲಿ ಕೂರುತ್ತಿದ್ದವರು ನನಗಿಂತ ನಾಲ್ಕು ವರ್ಷ ಮೊದಲು ಬಂದವರು. ಕೆಲಸದಲ್ಲಿ ನಮಗೇನೂ ಅಂಥ ವ್ಯತ್ಯಾಸವಿರಲಿಲ್ಲ. ಆದರೆ ಅವರು ಸೇರಿದಾಗ ಸಿಕ್ಕಿದ್ದ ಸ್ಟಾಕ್ ಆಪ್ಷನ್ ಅವರನ್ನು ಬೇರೆಯೇ ಮನುಷ್ಯರನ್ನಾಗಿ ಮಾಡಿತ್ತು. ಆಪ್ಷನ್ ಎಂದರೆ ಇಂತಿಷ್ಟು ಷೇರನ್ನು ಇಂತಿಷ್ಟೇ ಬೆಲೆಗೆ ಮುಂದೆಂದಾದರೂ ಕೊಳ್ಳುವ ಹಕ್ಕು. ಹಕ್ಕು ಕೊಟ್ಟ ದಿನದ ಬೆಲೆ ಕಡಿಮೆಯಿದ್ದು ಆಮೇಲೆ ಏರಿದರೆ ನಡುವಿನ ವ್ಯತ್ಯಾಸ ನಿಮ್ಮದು. ಅವರು ಎಚ್‌ಎಸ್‌ಆರ್ ಲೇಔಟಿನಲ್ಲಿ ಸೈಟು ಕೊಂಡು, ಊರಿನ ಸಾಲ ತೀರಿಸಿ, ತಂಗಿಯ ಮದುವೆ ಮಾಡಿ ಮುಗಿಸಿದ್ದರು. ನನಗೂ ಆಪ್ಷನ್ ಸಿಕ್ಕಿತು. 2000ದ ಬೆಲೆಗೆ, ಅಂದರೆ ತಂತ್ರಜ್ಞಾನದ ಷೇರುಗಳು ಹುಚ್ಚೆದ್ದು ಏರಿದ್ದ ಕಾಲದ ಬೆಲೆಗೆ. ಡಾಟ್‌ಕಾಂ ಗುಳ್ಳೆ ಒಡೆದ ಮೇಲೆ ಪೇಟೆಯಲ್ಲಿ ಅರ್ಧ ದುಡ್ಡಿಗೆ ಸಿಗುವ ಷೇರನ್ನು ದುಬಾರಿ ಕೊಟ್ಟು ಕೊಳ್ಳುವ ಹಕ್ಕು ಇಟ್ಟುಕೊಂಡು ಏನು ಮಾಡುವುದು? ಆ ಕಾಗದ ಟ್ರಂಕಿನಲ್ಲೇ ಇತ್ತು, ಮನೆ ಬದಲಿಸುವಾಗ ಎಲ್ಲೋ ಹೋಯಿತು.

ನನ್ನ ನಂತರದವರ ಪಾಡು ಇನ್ನೂ ಕೆಟ್ಟದು. 2001ರಲ್ಲಿ ಪಾಸಾದ ನಮ್ಮ ಜೂನಿಯರುಗಳ ಕೈಯಲ್ಲಿ ಆಫರ್ ಲೆಟರ್ ಇತ್ತು, ಸೇರುವ ದಿನಾಂಕ ಬರಲಿಲ್ಲ. ತಿಂಗಳುಗಟ್ಟಲೆ ಕಾದರು. ಒಬ್ಬ ಹಾಸನದಲ್ಲಿ ಟ್ಯೂಷನ್ ಶುರುಮಾಡಿ ಅದರಲ್ಲೇ ಉಳಿದುಬಿಟ್ಟ. ಸೇರಿದವರು ಕೊನೆಯವರೆಗೂ ನಮಗಿಂತ ಒಂದೂವರೆ ವರ್ಷ, ಎರಡು ವರ್ಷ ಹಿಂದೆಯೇ ಇದ್ದರು: ಪ್ರಮೋಷನ್ನಿನಲ್ಲಿ, ವಿದೇಶಕ್ಕೆ ಆನ್‌ಸೈಟ್ ಹೋಗುವುದರಲ್ಲಿ, ಸೈಟು ಕೊಳ್ಳುವುದರಲ್ಲಿ. ಅವರಲ್ಲಿ ಕೆಲವರು ನಮಗಿಂತ ಎಷ್ಟೋ ಜಾಣರು. ಹುಟ್ಟಿದ್ದು ಒಂದು ವರ್ಷ ತಡವಾಗಿ, ಅಷ್ಟೇ.

ಇನ್ನು ಕೆಲಸ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಐಟಿ ಎಂದರೆ ಟ್ರಾಫಿಕ್ಕು, ಸಂಬಳ, ವಿಚ್ಛೇದನ ಎಂದೇ ಎಲ್ಲರೂ ಬರೆಯುತ್ತಾರೆ. ನಾನಂತೂ ಆ ಕೆಲಸವನ್ನು ಇಷ್ಟಪಟ್ಟಿದ್ದೆ. ನಮ್ಮದು ಅಮೆರಿಕದ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್. ಅದರಲ್ಲಿ ಓಡುತ್ತಿದ್ದ ಕೆಲವು ಕೋಬಾಲ್ ಪ್ರೋಗ್ರಾಮುಗಳು ನನಗಿಂತ ಹಿರಿಯವು, ಮೇಲ್ಗಡೆ 1974, 1976 ಎಂದು ಬರೆದವರ ಇನಿಷಿಯಲ್ ಸಮೇತ ತಾರೀಖು ಇರುತ್ತಿತ್ತು. ಅಲ್ಲಿ ರಾತ್ರಿಯಾದ ಮೇಲೆ ದಿನದ ಪಾಲಿಸಿ, ಕ್ಲೇಮು, ಪ್ರೀಮಿಯಂ ಎಲ್ಲವನ್ನೂ ಸಾಲಾಗಿ ಲೆಕ್ಕ ಹಾಕುವ ಬ್ಯಾಚ್ ಜಾಬುಗಳು ಹೊರಡುತ್ತಿದ್ದವು. ಅವರ ನಡುರಾತ್ರಿ ನಮ್ಮ ಬೆಳಗಿನ ತಿಂಡಿಯ ಹೊತ್ತು. ನೂರಾರು ಜಾಬು, ಒಂದು ಮುಗಿದರೆ ಇನ್ನೊಂದು. ನಡುವೆ ಒಂದು ಕವುಚಿಕೊಂಡರೆ ಹಿಂದಿನದೆಲ್ಲ ನಿಲ್ಲುತ್ತದೆ, ಅಲ್ಲಿ ಆಫೀಸು ತೆರೆಯುವ ಹೊತ್ತಿಗೆ ಪರದೆ ಖಾಲಿ.

ಸಾಮಾನ್ಯವಾಗಿ ಕೈಕೊಡುತ್ತಿದ್ದುದು ನಾವು 'ಸಾಕ್ ಸೆವೆನ್' ಎನ್ನುತ್ತಿದ್ದ ಎರರ್: ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು ಬಂದು ಕೂತಿದೆ ಎಂದು ಅರ್ಥ. ಲಕ್ಷಾಂತರ ದಾಖಲೆಗಳಲ್ಲಿ ಯಾವುದು? ಹಸಿರು ಅಕ್ಷರದ ಡಂಪ್ ತೆಗೆದು, ಹೆಕ್ಸಾ ಲೆಕ್ಕ ಹಾಕಿ, ಆ ಒಂದು ದಾಖಲೆಯನ್ನು ಹಿಡಿಯಬೇಕು. ಎಲ್ಲೋ ಓಹಾಯೋದ ಏಜೆಂಟನೊಬ್ಬ ಪ್ರೀಮಿಯಂ ತುಂಬುವ ಕಡೆ ಏನೂ ತುಂಬದೆ ಬಿಟ್ಟಿರುತ್ತಿದ್ದ. ಅದನ್ನು ಪಕ್ಕಕ್ಕೆ ತೆಗೆದಿಟ್ಟು ಜಾಬನ್ನು ಮತ್ತೆ ಎಬ್ಬಿಸಿದಾಗ, ಹಿಂದಿನವೆಲ್ಲ ಒಂದೊಂದಾಗಿ ಕದಲಿ ಹೊರಟಾಗ, ಗೇಟು ಎತ್ತಿದ ಮೇಲೆ ಕಾಲುವೆಯಲ್ಲಿ ನೀರು ಹರಿದ ಹಾಗೆ ಅನಿಸುತ್ತಿತ್ತು. ಚೀಫ್ ಎಂಜಿನಿಯರನಿಂದ ಹಿಡಿದು ನೆನ್ನೆ ಸೇರಿದವನವರೆಗೆ ಯಾರು ಅದನ್ನು ಕಂಡುಹಿಡಿದರೂ ಆ ಹೊತ್ತಿಗೆ ಅವನೇ ದೊಡ್ಡವನು. ಜೀವನದಲ್ಲಿ ಅಂಥ ನೇರ ನ್ಯಾಯ ನನಗೆ ಬೇರೆಲ್ಲೂ ಸಿಗಲಿಲ್ಲ.

2003ರಲ್ಲಿ ಹಾರ್ಟ್‌ಫರ್ಡ್‌ಗೆ ಕಳಿಸಿದರು. ಕನೆಕ್ಟಿಕಟ್ ರಾಜ್ಯದ ಆ ಊರನ್ನು ಅಮೆರಿಕದವರು ವಿಮೆಯ ರಾಜಧಾನಿ ಎನ್ನುತ್ತಾರೆ. ಚಳಿ, ನಾಲ್ವರು ಹಂಚಿಕೊಂಡ ಅಪಾರ್ಟ್‌ಮೆಂಟು, ಕನ್ನಡ ಕೂಟದವರು ಯುಗಾದಿಯನ್ನು ಶನಿವಾರಕ್ಕೆ ಮುಂದೂಡಿ ಮಾಡಿದ್ದು, ಇವನ್ನೆಲ್ಲ ಹೋದವರೆಲ್ಲ ಬರೆದಿದ್ದಾರೆ, ನಾನು ಬಿಡುತ್ತೇನೆ. ಹೋಗಿದ್ದು ನಾಲೆಜ್ ಟ್ರಾನ್ಸ್‌ಫರ್‌ಗೆ, ನಮ್ಮ ಬಾಯಲ್ಲಿ ಕೆಟಿ. ಆ ಕಂಪನಿಯ ಹಳಬರಿಂದ ಕೆಲಸ ಕಲಿತು ಬೆಂಗಳೂರಿಗೆ ಕಳಿಸುವುದು. ಕಳಿಸಿದ ಮೇಲೆ ಆ ಹಳಬರಿಗೆ ಕೆಲಸ ಇರುವುದಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ನನಗೆ ಹೇಳಿಕೊಟ್ಟವರು ಐವತ್ತೈದು ದಾಟಿದ ಒಬ್ಬ ಹೆಂಗಸು. ನಾನು ಹೇಳಿದ ಆ ಇನಿಷಿಯಲ್ಲುಗಳಲ್ಲಿ ಒಂದು ಅವರದೇ. ಕೆಟಿ ಪೂರ್ತಿ ಮಾಡಿದರೆ ಮಾತ್ರ ಬಿಡುಗಡೆಯ ಇಡಿಗಂಟು ಸಿಗುತ್ತದೆ ಎಂದು ಅವರ ಕಂಪನಿ ಷರತ್ತು ಹಾಕಿತ್ತು. ಹಾಗಾಗಿ ದಿನಕ್ಕೊಂದು ವಿಷಯ ಮುಗಿಸಿ ಪಟ್ಟಿಯಲ್ಲಿ ಗುರುತು ಹಾಕಿ, 'ಅರ್ಥವಾಗಿದೆ' ಎಂದು ನನ್ನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಕಾಟಾಚಾರಕ್ಕೆ ಹೇಳಿ ಮುಗಿಸಬಹುದಿತ್ತು. ಮಾಡಲಿಲ್ಲ. ನನ್ನ ಟಿಪ್ಪಣಿಗಳನ್ನು ಮನೆಗೆ ಒಯ್ದು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ತರುತ್ತಿದ್ದರು. ವರ್ಷದ ಕೊನೆಯ ಲೆಕ್ಕದಲ್ಲಿ ಫೆಬ್ರವರಿ 29 ಎಲ್ಲಿ ತೊಡರುತ್ತದೆ ಎಂದು ಯಾವ ದಾಖಲೆಯಲ್ಲೂ ಇಲ್ಲದ ಸೂಕ್ಷ್ಮವನ್ನು ನಾನು ಕೇಳದೆಯೇ ಹೇಳಿದರು. ಮರುವರ್ಷ, 2004 ಅಧಿಕ ವರ್ಷ, ನಮ್ಮನ್ನು ಕಾಪಾಡಿದ್ದು ಅದೇ. ಒಂದು ದಿನ ಊಟದ ಹೊತ್ತಿನಲ್ಲಿ ನಿನಗೆ ಎಷ್ಟು ಸಂಬಳ ಎಂದು ಕೇಳಿದರು. ಸಂಬಳದ ಮಾತು ಆಡಕೂಡದೆಂದು ನಮಗೆ ಅಪ್ಪಣೆಯಾಗಿತ್ತು. ಸುಮ್ಮನಿದ್ದೆ. "ಅಷ್ಟು ಕಡಿಮೆಯೇ?" ಎಂದು ನಕ್ಕರು. ಅವರು ಕೊನೆಯ ದಿನ ಹೊರಟದ್ದು ನನಗೆ ಗೊತ್ತಾಗಲಿಲ್ಲ, ಆ ಹೊತ್ತಿಗೆ ನಾನು ಬೇರೆ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದೆ. ಆ ಎರಡು ವರ್ಷದ ಡಾಲರಿನಲ್ಲಿ ಊರಿನ ಮನೆಗೆ ಆರ್‌ಸಿಸಿ ಹಾಕಿಸಿದೆವು.

ಕ್ಯಾಂಟೀನಿನ ಬಗ್ಗೆ ಒಂದು ಮಾತು. ನಾವು ಓದಿದ ಊರುಗಳಲ್ಲಿ ಹಾಸ್ಟೆಲುಗಳಿಗೇ ಜಾತಿಯಿತ್ತು, ಊಟದ ಸಾಲಿಗೂ ಇತ್ತು. ಇಲ್ಲಿ ಸಾವಿರಾರು ಜನ ಒಂದೇ ಹಜಾರದಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆವು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ದೊಡ್ಡವರನ್ನೂ ಹೆಸರು ಹಿಡಿದು ಕರೆಯಬೇಕು ಎಂಬ ರೂಢಿ ಬೇರೆ. ಇದೊಂದು ಹೊಸ ಲೋಕ ಎಂದು ನಾನು ಊರಿನಲ್ಲಿ ಭಾಷಣ ಮಾಡುತ್ತಿದ್ದೆ. ಬಹಳ ವರ್ಷ ಒಟ್ಟಿಗಿದ್ದ ಕೋಲಾರದ ಗೆಳೆಯನೊಬ್ಬ ಒಮ್ಮೆ ನಗುತ್ತಾ ಹೇಳಿದ: "ಕೇಳಲ್ಲ ಗುರು, ನಿಜ. 'ನೀವು ವೆಜ್ಜಾ?' ಅಂತಾರೆ. 'ನಿಮ್ಮ ಕಡೆ ಮನೆದೇವ್ರು ಯಾವುದು?' ಅಂತಾರೆ. 'ಸಿಇಟಿ ರ‍್ಯಾಂಕ್ ಎಷ್ಟು?' ಅಂತಾರೆ. ಮೂರು ಪ್ರಶ್ನೆ ಆದ್ಮೇಲೆ ನಾಲ್ಕನೇದು ಬೇಕಾಗಲ್ಲ." ಆದರೂ ಊರಿನ ಸರ್ಕಾರಿ ಕಚೇರಿಗಿಂತ ಇದೇ ವಾಸಿ ಎಂದು ಅವನೇ ಸೇರಿಸಿದ. ಅವನ ಲೆಕ್ಕದಲ್ಲಿ ಎರಡೂ ಇದ್ದವು.

ಹೆಣ್ಣುಮಕ್ಕಳ ಲೆಕ್ಕ ಇನ್ನೊಂದು ಬಗೆ. ಶಿರಸಿಯ ಕಡೆಯ ಸಹೋದ್ಯೋಗಿಯೊಬ್ಬಳು ತನ್ನ ಮನೆತನದಲ್ಲಿ ಮನೆಸಾಲದ ಕಾಗದಕ್ಕೆ ಒಬ್ಬಳೇ ಸಹಿ ಹಾಕಿದ ಮೊದಲ ಹೆಂಗಸು. ಬ್ಯಾಂಕಿನವರು ಗಂಡನ ಸಹಿ ಕೇಳಿದರೆ ಮದುವೆಯಾಗಿಲ್ಲ ಎಂದಳಂತೆ, ತಂದೆಯ ಸಹಿ ಕೇಳಿದರೆ ಸಂಬಳ ಅವರದಲ್ಲ ಎಂದಳಂತೆ. ಅವಳೇ ಸಂಜೆ ಏಳರ ಮೇಲೆ ಕ್ಯಾಬಿಗೆ ಕಾಯುವಾಗ ಅಂಜುತ್ತಿದ್ದಳು. 2005ರ ಡಿಸೆಂಬರಿನಲ್ಲಿ ಕಾಲ್‌ಸೆಂಟರಿನ ಯುವತಿಯೊಬ್ಬರು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಚಾಲಕನಿಂದಲೇ ಕೊಲೆಯಾದ ಮೇಲೆ ಬೆಂಗಳೂರಿನ ಕ್ಯಾಬುಗಳ ನಿಯಮ ಬದಲಾಯಿತು. ಮೊದಲು ಹತ್ತಿಸಿಕೊಳ್ಳುವವರು, ಕೊನೆಗೆ ಇಳಿಯುವವರು ಹೆಂಗಸಾಗಿರಬಾರದು. ಹಾಗಾಗುವುದಾದರೆ ಗಾರ್ಡ್ ಇರಬೇಕು. ಒಂದು ಜೀವ ಹೋದ ಮೇಲೆ ಬಂದ ನಿಯಮ.

ಅದಾದ ನಾಲ್ಕೇ ತಿಂಗಳಿಗೆ, 2006ರ ಏಪ್ರಿಲ್ 12, ಅಣ್ಣಾವ್ರು ತೀರಿಕೊಂಡ ದಿನ. ಗಲಾಟೆಯಾದೀತೆಂದು ಮಧ್ಯಾಹ್ನವೇ ಎಲ್ಲರೂ ಮನೆಗೆ ಹೊರಡಿ ಎಂದರು. ಬಸ್ಸುಗಳ ಮುಂಗಾಜಿಗೆ ರಾಜ್‌ಕುಮಾರ್ ಫೋಟೋ ಅಂಟಿಸಿ, ಒಂದೊಂದು ಬಸ್ಸಿನ ಮುಂದಿನ ಸೀಟಿನಲ್ಲೂ ಒಬ್ಬ ಕನ್ನಡದವನನ್ನು ಕೂರಿಸಿದರು. ನಮ್ಮ ಅಪ್ರೈಸಲ್ ಫಾರಮ್ಮಿನಲ್ಲಿ ಕನ್ನಡ ಗೊತ್ತೆಂದು ಬರೆಯಲು ಕಾಲಮ್ಮೇ ಇರಲಿಲ್ಲ. ಆ ಒಂದು ದಿನ ಮಾತ್ರ ಹೊಸೂರು ರಸ್ತೆಯಲ್ಲಿ ಅದಕ್ಕಿಂತ ದೊಡ್ಡ ಸ್ಕಿಲ್ ಬೇರೆ ಇರಲಿಲ್ಲ.

ಬೆಲ್ ಕರ್ವ್ ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಟ್ಟದ್ದು 2008ರ ನಂತರ, ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬಿದ್ದ ಮೇಲೆ. ವೇರಿಯಬಲ್ ಪೇ ಸೊನ್ನೆಯಾಯಿತು, ಸಂಜೆಯ ಬಿಸ್ಕತ್ತು ನಿಂತಿತು, ಪ್ರಾಜೆಕ್ಟಿಲ್ಲದೆ ಬೆಂಚಿನಲ್ಲಿ ಕೂತವರು ದಿನಾ ಬಂದು ಸ್ವೈಪ್ ಮಾಡಿ ಹೆದರಿಕೊಂಡೇ ಲೈಬ್ರರಿಗೆ ಹೋಗುತ್ತಿದ್ದರು. ಕರ್ವ್ ಎಂದರೆ ಇಷ್ಟು: ತಂಡ ಎಷ್ಟೇ ಚೆನ್ನಾಗಿ ಕೆಲಸ ಮಾಡಿರಲಿ, ಇಷ್ಟು ಪರ್ಸೆಂಟ್ ಜನ ಮೇಲೆ, ಬಹುಪಾಲು ನಡುವೆ, ಇಷ್ಟು ಜನ ಕೆಳಗೆ ಇರಲೇಬೇಕು. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಹೆಸರುವಾಸಿ ಮಾಡಿದ ಪದ್ಧತಿ. ಸಾವಿರಾರು ಜನರ ಎತ್ತರ ಅಳೆದರೆ ಅಂಥ ಗಂಟೆಯಾಕಾರದ ಗೆರೆ ಬರುತ್ತದೆ, ಸರಿ. ಹನ್ನೆರಡು ಜನರ ತಂಡದಲ್ಲಿ, ಅದೂ ಪರೀಕ್ಷೆ ಮಾಡಿ ಆರಿಸಿ ತಂದವರಲ್ಲಿ, ಎಲ್ಲಿಂದ ಬರಬೇಕು? ಬರದಿದ್ದರೆ ಮಾಡಬೇಕು. ವರ್ಷಕ್ಕೊಮ್ಮೆ ಮ್ಯಾನೇಜರುಗಳು ಒಂದು ಕೋಣೆಯಲ್ಲಿ ಕೂತು, "ನಿನ್ನವನೊಬ್ಬನನ್ನ ಈ ಸಲ ಕೆಳಗೆ ತಗೋ, ಮುಂದಿನ ಸಲ ನಾನು ಕೊಡ್ತೀನಿ" ಎಂದು ಹೆಸರುಗಳನ್ನು ಅದಲುಬದಲು ಮಾಡಿ ಗೆರೆ ಕೂರಿಸುತ್ತಿದ್ದರು. ನಾನು ಮ್ಯಾನೇಜರಾದ ಮೊದಲ ವರ್ಷ ನನ್ನ ತಂಡದ ಗದಗದ ಹುಡುಗ ಹಾಗೆ ಕೆಳಕ್ಕೆ ಹೋದ. ಅವನಿಗೆ ಹೇಳುವ ಕೆಲಸ ನನ್ನದು. "ಸರ್, ಹ್ವಾದ ವರ್ಷ ಚಲೋ ಮಾಡಿ ಅಂದಿದ್ರಿ. ಈ ವರ್ಷ ನಾ ಏನ್ ಬ್ಯಾರೆ ಮಾಡೀನ್ರಿ?" ಎಂದ. ಏನೂ ಬೇರೆ ಮಾಡಿರಲಿಲ್ಲ. ಆರು ತಿಂಗಳಿಗೆ ಬೇರೆ ಕಂಪನಿ ಸೇರಿದ. ಈಗ ಅಲ್ಲಿ ನನಗಿಂತ ದೊಡ್ಡ ಹುದ್ದೆ.

ಕೆಳಗಿನ ಖಾನೆಗೆ ಸುಲಭವಾಗಿ ಸಿಗುತ್ತಿದ್ದವರು ಹೆರಿಗೆ ರಜೆ ಮುಗಿಸಿ ಬಂದವರು. "ಅರ್ಧ ವರ್ಷ ಇರಲೇ ಇಲ್ಲವಲ್ಲ" ಎಂಬ ಒಂದೇ ವಾಕ್ಯಕ್ಕೆ ಎದುರು ವಾದವಿರುತ್ತಿರಲಿಲ್ಲ. 2017ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಕಾನೂನು ರಜೆ ಕೊಟ್ಟಿತು, ಆ ಕೋಣೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ.

ಹೀಗೆಂದು ಬರೆಯುವಾಗಲೇ ಇನ್ನೊಂದು ನೆನಪಾಗುತ್ತದೆ. ಗದಗದ ಹುಡುಗನ ಆ ಪ್ರಸಂಗ ನಡೆದ ವರ್ಷವೇ ಅಪ್ಪನಿಗೆ ಬೈಪಾಸ್ ಆಯಿತು. ತಂದೆತಾಯಿಯರನ್ನೂ ಸೇರಿಸಿದ ಕಂಪನಿಯ ವಿಮೆ ಬಹುಪಾಲು ಖರ್ಚನ್ನು ಒಂದು ಪ್ರಶ್ನೆಯಿಲ್ಲದೆ ಕಟ್ಟಿತು. ಆ ಗೆರೆ ಕೂರಿಸುವ ಮೀಟಿಂಗಿನಲ್ಲಿ ಕಲ್ಲಿನಂತೆ ಕೂತಿದ್ದ ನನ್ನ ಮೇಲಧಿಕಾರಿ ಆಸ್ಪತ್ರೆಗೆ ಬಂದು ರಾತ್ರಿಯೆಲ್ಲ ಐಸಿಯು ಹೊರಗೆ ನನ್ನ ಜೊತೆ ಕೂತಿದ್ದ. ಇಬ್ಬರೂ ಒಬ್ಬನೇ. ಅಪ್ಪ ಅದಾದ ಮೇಲೆ ಒಂಬತ್ತು ವರ್ಷ ಬದುಕಿದರು.

ನಮ್ಮ ಬ್ಯಾಚಿನ ಜಗಳದಲ್ಲಿ ಬರುವ 2017ರ ಆ ಮಧ್ಯಾಹ್ನಕ್ಕೆ ಬರುತ್ತೇನೆ. ದೇಶದ ದೊಡ್ಡ ಐಟಿ ಕಂಪನಿಗಳೆಲ್ಲ ನಡುವಯಸ್ಸಿನ, ನಡುಸಂಬಳದ ಜನರನ್ನು ಇಳಿಸಲು ಹೊರಟ ಕಾಲ. ನಮ್ಮ ಬ್ಯಾಚಿನ ಆ ಗೆಳತಿ ಟೆಸ್ಟಿಂಗಿನಲ್ಲಿ ಹೆಸರು ಮಾಡಿದವಳು. ಊಟ ಮುಗಿಸಿ ಬಂದವಳನ್ನು ಎಚ್‌ಆರ್ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ತೆರೆಯಲ್ಲಿ ರಾಜೀನಾಮೆಯ ಪುಟ. ನೀವಾಗಿ ಬರೆದುಕೊಟ್ಟರೆ ಕೆಲವು ತಿಂಗಳ ಸಂಬಳ, ಒಳ್ಳೆಯ ಅನುಭವ ಪತ್ರ. ಬರೆಯದಿದ್ದರೆ ನಾವೇ ತೆಗೆಯುತ್ತೇವೆ, ಮುಂದೆ ವಿಚಾರಿಸಿದವರಿಗೆ ಹಾಗೆಂದೇ ಹೇಳುತ್ತೇವೆ. ಮನೆಗೆ ಫೋನ್ ಮಾಡಿ ಬರುತ್ತೇನೆ ಎಂದಳು. ಇಲ್ಲೇ ತೀರ್ಮಾನಿಸಿ ಎಂದರು. ಐದು ಗಂಟೆಗೆ ಅವಳ ಕಾರ್ಡು ಗೇಟಿನಲ್ಲಿ ಕೆಂಪು ದೀಪ ತೋರಿಸಿತು. ಕಾಗದದ ಮೇಲೆ ಅದು ರಾಜೀನಾಮೆ. ಹಾಗಾಗಿ ಯಾವ ಲೆಕ್ಕದಲ್ಲೂ ಅವಳು ಕೆಲಸ ಕಳೆದುಕೊಂಡವಳಲ್ಲ.

ಆಗ ಯಾರ ಬಳಿ ಹೋಗುವುದು ಎಂದು ನಮಗಾರಿಗೂ ಗೊತ್ತಿರಲಿಲ್ಲ. ಯೂನಿಯನ್ ಎಂಬುದು ಎಚ್‌ಎಂಟಿ, ಐಟಿಐ, ಬಿಇಎಲ್‌ನವರದ್ದು, ಖಾಕಿ ಬಟ್ಟೆಯವರದ್ದು ಎಂದೇ ತಿಳಿದಿದ್ದೆವು. ಮದುವೆಯಾದ ಹೊಸದರಲ್ಲಿ ನಾನು ಬಾಡಿಗೆಗಿದ್ದ ಬನಶಂಕರಿಯ ಮನೆಯ ಮಾಲೀಕರು ಎಚ್‌ಎಂಟಿಯಲ್ಲಿ ನಿವೃತ್ತರು. 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಇದ್ದವರು. "77 ದಿನ ಸಂಬಳ ಇಲ್ಲ ಕಣಪ್ಪ. ಅಂಗಡಿ ಶೆಟ್ರು ಕಡ ಕೊಟ್ಟು ಸಾಕಿದ್ರು" ಎನ್ನುತ್ತಿದ್ದರು. ನಮ್ಮ ಕ್ಯಾಂಪಸ್ಸಿನ ವೈಭೋಗ ಹೇಳಿದರೆ, ಬಸ್ಸು, ಕ್ಯಾಂಟೀನು, ಆಸ್ಪತ್ರೆ, ಆಟದ ಮೈದಾನ ಎಲ್ಲ ತಮಗೂ ಇತ್ತು, ಕ್ವಾರ್ಟರ್ಸು ಬೇರೆ ಇತ್ತು ಎಂದು ಬೆರಳು ಮಡಿಚುತ್ತಿದ್ದರು. ಕೊನೆಗೊಂದು ಪ್ರಶ್ನೆ: "ಅದ್ಸರಿ, ನಿಮ್ಮ ಪರವಾಗಿ ಮಾತಾಡೋನು ಯಾರು?" ಪ್ರಮೋಷನ್ನು, ಷೇರು ಎಂದೇನೋ ಹೇಳಿ ನಾನು ಬಾಡಿಗೆ ಕೊಟ್ಟು ಎದ್ದುಬರುತ್ತಿದ್ದೆ. ಅವರ ವಾಚ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಯೂನಿಯನ್ ಇದ್ದರೆ ಕಾರ್ಖಾನೆ ಉಳಿಯುತ್ತದೆ ಎಂದೇನೂ ಅಲ್ಲ. 2017ರಲ್ಲೇ ಕರ್ನಾಟಕದ ಐಟಿ ನೌಕರರ ಮೊದಲ ಯೂನಿಯನ್ ಹುಟ್ಟಿತು, ಕೆಐಟಿಯು. ನನ್ನ ಗೆಳತಿಗೆ ಅದು ಕೆಲವು ತಿಂಗಳು ತಡ.

ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ನೀಲಿ ಟ್ಯಾಗಿನವರ, ಅಂದರೆ ಪರ್ಮನೆಂಟ್ ನೌಕರರ ಕತೆ. ಹಳದಿ ಟ್ಯಾಗಿನವರು ಕಾಂಟ್ರಾಕ್ಟು. ನಮ್ಮ ಮಹಡಿಯ ಹೌಸ್‌ಕೀಪಿಂಗ್ ಅಕ್ಕ ದೊಡ್ಡತೋಗೂರಿನ ಸೊಸೆ. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಅದಕ್ಕೆ ಜಾಗ ಆದದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು. ಬಾಳಿಗರ ದೂರದೃಷ್ಟಿಯ ಬಗ್ಗೆ ನಮ್ಮ ಆಡಿಟೋರಿಯಮ್ಮಿನಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ, ಅದು ಸುಳ್ಳೂ ಅಲ್ಲ. ಅಕ್ಕ ಒಮ್ಮೆ ನಾಲ್ಕನೇ ಮಹಡಿಯ ಕಿಟಕಿ ಒರೆಸುತ್ತಾ ಹೇಳಿದಳು: "ನಮ್ ಮಾವ್ರು ಅಲ್ಲೇ ರಾಗಿ ಬಿತ್ತಿದ್ದು ಸಾ. ಆ ಬಸ್ ನಿಲ್ಸವ್ರಲ್ಲ, ಅಲ್ಲಿ ಬಾವಿ ಇತ್ತು." ಪರಿಹಾರದ ದುಡ್ಡು ಏನಾಯಿತು ಎಂದು ಕೇಳಿದೆ. "ಮೂರು ಜನ ಅಣ್ತಮ್ದೀರು, ಎರಡು ಮದ್ವೆ, ಒಂದು ಕೋರ್ಟ್ ಕೇಸು" ಎಂದಳು.

ಅವಳು ಆ ಕಟ್ಟಡದಲ್ಲಿ ನನಗಿಂತ ಸ್ವಲ್ಪವೇ ಕಡಿಮೆ ಕಾಲ ಇದ್ದವಳು. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುತ್ತಿತ್ತು. ಸೀರೆಯ ಮೇಲಿನ ಕೋಟಿನ ಬಣ್ಣ ಬದಲಾಗುತ್ತಿತ್ತು, ಅದೇ ಬಕೆಟ್ಟು, ಅದೇ ಮಹಡಿ, ಅವಳು ಮತ್ತೆ ಹೊಸಬಳು. ಗ್ರಾಚ್ಯುಟಿ ಬರಬೇಕಾದರೆ ಒಬ್ಬ ಮಾಲೀಕನ ಬಳಿ ಬಿಡದೆ ಐದು ವರ್ಷ ದುಡಿದಿರಬೇಕಿತ್ತು. ಅವಳ ಐದು ವರ್ಷ ಎಂದೂ ತುಂಬಲಿಲ್ಲ. ದೀಪಾವಳಿಗೆ ನಮಗೆ ಕೊಡುತ್ತಿದ್ದ ಡ್ರೈಫ್ರೂಟ್ ಡಬ್ಬಿ ಹಳದಿ ಟ್ಯಾಗಿಗೆ ಇರಲಿಲ್ಲ, ನಾವು ಕೆಲವರು ದುಡ್ಡು ಹಾಕಿ ಸೀರೆ ಕೊಡಿಸುತ್ತಿದ್ದೆವು. ಹಾಗಂತ ಅವಳಿಗೆ ಕಂಪನಿಯ ಮೇಲೆ ಸಿಟ್ಟಿತ್ತೇ ಎಂದರೆ, ಇರಲಿಲ್ಲ. ಗಾರ್ಮೆಂಟ್ಸಿಗಿಂತ ಸಾವಿರ ಪಾಲು ಮೇಲು, ಬಾತ್‌ರೂಮಿಗೆ ಹೋಗಲು ಟೋಕನ್ ಇಲ್ಲ, ಯಾರೂ ಕೂಗಾಡಲ್ಲ ಎನ್ನುತ್ತಿದ್ದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿದು ಬಂದವಳ ಮಾತು ಅದು.

ನಾನು ಬಿಟ್ಟದ್ದು 2021ರಲ್ಲಿ. ಆಗ ಎಲ್ಲರೂ ಮನೆಯಿಂದ ಕೆಲಸ. ಕೊರಿಯರ್ ಹುಡುಗ ಬಂದು ಲ್ಯಾಪ್‌ಟಾಪು, ಚಾರ್ಜರು, ಐಡಿ ಕಾರ್ಡು ಎಣಿಸಿಕೊಂಡು ರಸೀತಿ ಕೊಟ್ಟ. ಗ್ರಾಚ್ಯುಟಿ, ಪಿಎಫ್ ಎಲ್ಲವೂ ಹೇಳಿದ ವಾರಕ್ಕೇ ಖಾತೆಗೆ ಬಂತು, ಒಂದು ಪೈಸೆ ವ್ಯತ್ಯಾಸವಿಲ್ಲದೆ. ಅಪ್ಪ ಇದ್ದಿದ್ದರೆ ಆ ಕಾಗದವನ್ನೂ ಕೊನೆಯ ಸಾಲಿನಿಂದಲೇ ಓದುತ್ತಿದ್ದರು. ಮಕ್ಕಳಿಗೆ ಗಣಿತ ಹೇಳಿಕೊಡುತ್ತಾ ತಿಪಟೂರಿಗೂ ಬೆಂಗಳೂರಿಗೂ ಓಡಾಡಿಕೊಂಡಿದ್ದೇನೆ.

ಈಗ ಹಳೆಯವರ ಫೋನು ಬಂದರೆ ಎಐ ಮಾತು. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿಯೇ 12,000ಕ್ಕೂ ಹೆಚ್ಚು ಜನರನ್ನು ಇಳಿಸುವುದಾಗಿ ಹೇಳಿತು. ಹೊಸಬರ ಆರಂಭದ ಪ್ಯಾಕೇಜು ಎಷ್ಟೋ ಕಡೆ ಇನ್ನೂ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ತೆವಳುತ್ತಿದೆ. ಹದಿನೈದು ವರ್ಷದ ಹಿಂದೆಯೂ ಅದು ಅಲ್ಲೇ ಹತ್ತಿರದಲ್ಲಿತ್ತು. ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗದ ಮೆಟ್ರೋ ಅದೇ ವರ್ಷದ ಆಗಸ್ಟಿನಲ್ಲಿ ಬಂತು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಮ್ಮ ಯೌವನವೆಲ್ಲ ನಿಂತುಹೋದ ಮೇಲೆ.

ಮೆಟ್ರೋ ಹೇಗಿದೆ ನೋಡೋಣವೆಂದು ಹೋದ ದಿನ ಅಕ್ಕನನ್ನು ಕೋನಪ್ಪನ ಅಗ್ರಹಾರ ಸ್ಟೇಷನ್ನಿನ ಕೆಳಗೆ ಕಂಡೆ. ಅವಳು ಕೆಲಸ ಬಿಟ್ಟಿದ್ದಾಳೆ, ಮಂಡಿನೋವು. ಮಗಳು ಬಿಸಿಎ ಮುಗಿಸಿ ನಮ್ಮದೇ ಹಳೆಯ ಕಂಪನಿಯ ಪರೀಕ್ಷೆ ಬರೆದಿದ್ದಾಳಂತೆ, ಎರಡನೇ ಸುತ್ತೂ ದಾಟಿದ್ದಾಳಂತೆ. ಅಭಿನಂದನೆ ಹೇಳಿ, ಯಾವ ಪ್ರಾಜೆಕ್ಟು, ಯಾವ ಕಟ್ಟಡ ಎಂದು ನನ್ನ ಹಳೆಯ ಚಟಕ್ಕೆ ಕೇಳತೊಡಗಿದೆ.

"ಅದೆಲ್ಲ ನಂಗೊತ್ತಿಲ್ಲ ಸಾ" ಎಂದಳು. "ಪರ್ಮನೆಂಟಾ ಕಾಂಟ್ರಾಕ್ಟಾ ಅಂತ ಮೊದ್ಲು ಕೇಳು, ಕಾಂಟ್ರಾಕ್ಟ್ ಅಂದ್ರೆ ಸೈನ್ ಹಾಕ್ಬೇಡ, ಮನೆಗೆ ಬಾ ಅಂದಿದೀನಿ."